ಬೆಳೆ ಹೋದದ್ದೇಕೆ ಎಂದು ಹೇಳಬಲ್ಲವರು ಬೇಕು

2022ರ ಆಗಸ್ಟ್ ಕೊನೆಯ ವಾರ ಸುರಿದ ಮಳೆಗೆ ರಾಮನಗರ, ಚನ್ನಪಟ್ಟಣ ಸುತ್ತಮುತ್ತ ಕೆರೆಗಳು ಕೋಡಿ ಬಿದ್ದವು, ಏರಿಗಳು ಒಡೆದವು. ಬೆಂಗಳೂರು–ಮೈಸೂರು ಹೆದ್ದಾರಿಯ ಅಂಡರ್‌ಪಾಸ್‌ನಲ್ಲಿ ಬಸ್ಸು ಮುಳುಗಿತು. ರೇಷ್ಮೆ ನೂಲು ಬಿಚ್ಚುವವರ ಮನೆಗಳಿಗೂ ನೀರು ನುಗ್ಗಿತು. ಮರುವರ್ಷ ಅದೇ ಆಗಸ್ಟ್‌ನಲ್ಲಿ ಮೋಡವಿದ್ದರೂ ಮಳೆಯಿಲ್ಲ. 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅದು. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಎರಡೂ ಸಲ ಅಧಿಕಾರಿಗಳು ಹೊಲಕ್ಕೆ ಬಂದರು, ಪಹಣಿ ನೋಡಿ ಪಟ್ಟಿ ಮಾಡಿದರು, ತಡವಾಗಿಯಾದರೂ ಒಂದಿಷ್ಟು ಪರಿಹಾರ ಖಾತೆಗೆ ಬಂತು. ಆದರೆ ಆ ಕಡತಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದರೂ ಮುಂದಿನ ಬಿತ್ತನೆಗೆ ಬೇಕಾದ ಉತ್ತರ ಸಿಗುವುದಿಲ್ಲ. ಯಾವ ಬೆಳೆ ಯಾವ ಹಂತದಲ್ಲಿ ಪೆಟ್ಟು ತಿಂತು, ಪಕ್ಕದ ಹೊಲ ಉಳಿದದ್ದು ಹೇಗೆ, ನಷ್ಟದಲ್ಲಿ ಮಳೆಯ ಪಾಲೆಷ್ಟು, ರೋಗದ ಪಾಲೆಷ್ಟು, ತಳಿಯ ಪಾಲೆಷ್ಟು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಬರೆಯಲು ಬೇಕಾದ ತರಬೇತಿ ಪಡೆದವರು ತಾಲ್ಲೂಕಿನಲ್ಲಿ ಇಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣ. ಹವಾಮಾನ ಬದಲಾವಣೆ ಬೆಳೆಯ ಮೇಲೆ ಮಾಡುವ ಪರಿಣಾಮವನ್ನು ಅಳೆಯಬಲ್ಲ ಪರಿಣತರನ್ನು ಹೋಬಳಿ ಮಟ್ಟದಲ್ಲಿ ತಯಾರು ಮಾಡುವ ಕೆಲಸ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಶುರುವಾಗಬೇಕು. ಪರಿಹಾರ, ವಿಮೆ, ಹೊಸ ತಳಿ, ಸಲಹೆ ಯಾವುದೇ ಇರಲಿ, ಈ ಅಳತೆ ಸರಿಯಿಲ್ಲದಿದ್ದರೆ ಅದು ಗುರಿ ತಪ್ಪುತ್ತದೆ.

ಈಗಿರುವ ವ್ಯವಸ್ಥೆ ಅಳೆಯುವುದು ನಷ್ಟದ ಪ್ರಮಾಣವನ್ನು. ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ ಮೊದಲು ಮಳೆ ಕೊರತೆ, ಮಳೆ ಬಾರದ ದಿನಗಳು, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವ ಮುಂತಾದ ಸೂಚಕಗಳನ್ನು ನೋಡಬೇಕು. ಆಮೇಲೆ ಶೇ 10ರಷ್ಟು ಹಳ್ಳಿಗಳಿಗೆ ಹೋಗಿ, ಪ್ರತಿ ಹಳ್ಳಿಯಲ್ಲಿ ಐದು ಕಡೆ ಬೆಳೆ ಪರಿಶೀಲಿಸಬೇಕು. ಬೆಳೆ ನಷ್ಟ ಶೇ 33 ದಾಟಿದರೆ ಸಾಧಾರಣ ಬರ, ಶೇ 50 ದಾಟಿದರೆ ತೀವ್ರ ಬರ. ಫಸಲ್ ಬಿಮಾ ಬೆಳೆ ವಿಮೆಯಲ್ಲಾದರೆ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕಿನಲ್ಲಿ ರಾಗಿ ಕುಯ್ದು, ಒಕ್ಕಿ, ತೂಗುತ್ತಾರೆ. ಆ ತೂಕವನ್ನು ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬಂದ ಐದು ವರ್ಷಗಳ ಸರಾಸರಿಗೆ ಹೋಲಿಸಿ ಪರಿಹಾರ ನಿಗದಿ ಮಾಡುತ್ತಾರೆ. ಹಣ ಹಂಚಲು ಇಂಥದ್ದೊಂದು ನಿಯಮ ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ತಕ್ಕಡಿಗೆ ಬಂದ ತೂಕ ಸುಮಾರು ನಾಲ್ಕು ತಿಂಗಳ ಕಥೆಯ ಕೊನೆಯ ಸಾಲು ಮಾತ್ರ. ಬಿತ್ತನೆ ತಡವಾಗಿ ಇಳುವರಿ ಇಳಿದ ಹೊಲಕ್ಕೂ ಬೆಂಕಿ ರೋಗ ತಗುಲಿದ ಹೊಲಕ್ಕೂ ಹೂ ಬಿಡುವಾಗ ತೇವ ತಪ್ಪಿದ ಹೊಲಕ್ಕೂ ತಕ್ಕಡಿ ಒಂದೇ ಅಂಕಿ ಕೊಡಬಹುದು. ಮುಂದಿನ ವರ್ಷ ಈ ಮೂವರು ರೈತರು ಮಾಡಬೇಕಾದದ್ದು ಮಾತ್ರ ಬೇರೆ ಬೇರೆ.

ರಾಗಿಯನ್ನೇ ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ನಾಲ್ಕೂ ತಾಲ್ಲೂಕುಗಳು ರಾಜ್ಯದ ಪೂರ್ವ ಒಣ ವಲಯಕ್ಕೆ ಸೇರಿದವು. ಇಲ್ಲಿ ಮಳೆ ಎರಡು ಸಲ ಜೋರಾಗುತ್ತದೆ, ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲೊಮ್ಮೆ. ನಡುವೆ ಬೀಳುವ ಮಳೆಗೆ ಭರವಸೆ ಕಡಿಮೆ. ಜುಲೈ ಕೊನೆಯಲ್ಲಿ ಬಿತ್ತಿದ ಜಿಪಿಯು–28 ರಾಗಿ 110ರಿಂದ 115 ದಿನದ ಬೆಳೆ. ಆಗಸ್ಟ್ ಮಧ್ಯದಲ್ಲಿ ಹದಿನೈದು ದಿನ ಮಳೆ ಕೈಕೊಟ್ಟರೆ ಪೈರು ಸುರುಟಿಕೊಂಡು ನಿಂತು, ಮಘೆ ಮಳೆ ಬಿದ್ದೊಡನೆ ತೆಂಡೆ ಹೊಡೆದು ಚೇತರಿಸಿಕೊಳ್ಳುತ್ತದೆ. ಅದೇ ಹದಿನೈದು ದಿನದ ಒಣಹವೆ ಅಕ್ಟೋಬರ್ ಮೊದಲಲ್ಲಿ, ತೆನೆ ಹೊರಬಂದು ಕಾಳು ಕಟ್ಟುವಾಗ ಬಂದರೆ ತೆನೆ ಜೊಳ್ಳು. ಆಮೇಲೆ ಎಷ್ಟು ಸುರಿದರೂ ಪ್ರಯೋಜನವಿಲ್ಲ. ಇನ್ನು ಕುಯ್ಲಿನ ಹೊತ್ತಿಗೆ ಮಳೆ ಹಿಡಿದರೆ, 2021ರ ನವೆಂಬರ್‌ನಲ್ಲಿ ಹಿಡಿದಂತೆ, ತೆನೆಯಲ್ಲೇ ಕಾಳು ಮೊಳೆಯುತ್ತದೆ, ಹುಲ್ಲು ಕೊಳೆತು ದನಕ್ಕೆ ಮೇವಿಲ್ಲ. ವರ್ಷದ ಒಟ್ಟು ಮಳೆ ವಾಡಿಕೆಯಷ್ಟೇ ಆಗಿದೆ ಎಂದು ವರದಿ ಹೇಳುವ ವರ್ಷದಲ್ಲೂ ಈ ಮೂರೂ ಆಗಬಹುದು. ಹಾಗಾಗಿ ಅಳೆಯುವವನಿಗೆ ಮಿಲಿಮೀಟರ್ ಲೆಕ್ಕ ಸಾಲದು. ಬಿತ್ತಿದ ದಿನ, ತಳಿ, ಎರೆಯೋ ಕೆಮ್ಮಣ್ಣೋ, ತೆನೆ ಬಂದ ವಾರ ಎಲ್ಲವನ್ನೂ ಮಳೆಯ ದಿನಗಳ ಪಕ್ಕದಲ್ಲಿಟ್ಟು ನೋಡಬೇಕು. ರಾಗಿಯ ಜೊತೆಗೆ ಅಕ್ಕಡಿ ಸಾಲಿನಲ್ಲಿ ನಿಂತ ಅವರೆ, ತೊಗರಿ, ಹುಚ್ಚೆಳ್ಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಾಗಿ ಕೈಕೊಟ್ಟ ವರ್ಷ ಮಾಗಡಿ ಸೀಮೆಯ ಎಷ್ಟೋ ಮನೆಗಳನ್ನು ಅವರೆಕಾಯಿ ಹಿಡಿದು ನಿಲ್ಲಿಸುತ್ತದೆ. ರಾಗಿಯ ತೂಕವನ್ನಷ್ಟೇ ಬರೆದುಕೊಂಡು ಹೋದರೆ ಹೊಲದಲ್ಲಿ ಉಳಿದದ್ದೂ ಕಾಣುವುದಿಲ್ಲ, ಅಕ್ಕಡಿ ಬಿಟ್ಟವನು ಹೆಚ್ಚು ಕಳೆದುಕೊಂಡದ್ದೂ ಕಾಣುವುದಿಲ್ಲ.

ರೇಷ್ಮೆಯ ಕಥೆ ಇನ್ನೂ ಸೂಕ್ಷ್ಮ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು, ಅದರ ಹಿಂದೆ ಈ ತಾಲ್ಲೂಕುಗಳ ಸಾವಿರಾರು ಹುಳು ಮನೆಗಳಿವೆ. ಎಳೆಯ ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಶಾಖ, ಶೇ 80–90ರಷ್ಟು ತೇವ ಬೇಕು. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಹುಳುವಿಗೆ 23ರಿಂದ 25 ಡಿಗ್ರಿ, ಶೇ 70ರ ಆಸುಪಾಸಿನ ತೇವ ಸಾಕು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲು ಹೋಗುವುದು ಈ ಕೊನೆಯ ವಾರದಲ್ಲೇ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಪಾದರಸ 38 ಡಿಗ್ರಿ ದಾಟಿತ್ತು. ಅಂಥ ಮೂರು ದಿನಗಳು ಕೊನೆಯ ಹಂತದಲ್ಲಿ ಬಂದರೆ, ಶೀಟು ಹೊದಿಸಿದ ಹುಳು ಮನೆಯಲ್ಲಿ ಹಾಲು ರೋಗ, ಸಪ್ಪೆ ರೋಗ ಕಾಣಿಸಿಕೊಂಡು, ಹಣ್ಣಾಗಬೇಕಾದ ಹುಳು ಗೂಡು ಕಟ್ಟುವ ಚಂದ್ರಿಕೆ ಏರುವ ಮೊದಲೇ ಸಾಯುತ್ತದೆ. ಹತ್ತು ಹೆಜ್ಜೆ ಆಚೆ ಹಿಪ್ಪುನೇರಳೆ ತೋಟ ಹಸಿರಾಗಿಯೇ ಇರುತ್ತದೆ. ಉಪಗ್ರಹ ಕಾಣುವುದು ಆ ಹಸಿರನ್ನು, ಗ್ರಾಮ ಪಂಚಾಯಿತಿಯ ಮಳೆಮಾಪಕ ಹೇಳುವುದು ಮಳೆಯನ್ನು. ಹುಳು ಮನೆಯ ಒಳಗಿನ ಶಾಖ ಇವೆರಡರ ಲೆಕ್ಕಕ್ಕೂ ಬರುವುದಿಲ್ಲ. ಗೋಡೆಗೆ ತೂಗುಹಾಕಿದ ಒಣ–ತೇವ ಉಷ್ಣಮಾಪಕವನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಓದಿ ಬರೆದಿಟ್ಟ ಪುಸ್ತಕವೊಂದೇ ಅದಕ್ಕೆ ಸಾಕ್ಷಿ. ಪರಿಹಾರದ ನಿಯಮ ರೇಷ್ಮೆಗೆ ಕೊಡುವುದು ಹೆಕ್ಟೇರ್ ಲೆಕ್ಕದಲ್ಲಿ. ಸತ್ತದ್ದು ಹುಳು, ಅಳೆಯುವುದು ತೋಟ. ಮೊಟ್ಟೆಗೆ, ಚಾಕಿಗೆ, ಕೂಲಿಗೆ ಸಾಲ ಮಾಡಿದ ಮನೆಗೆ ಇದರಿಂದ ಆಗುವ ಅನ್ಯಾಯ ಸಣ್ಣದಲ್ಲ. ನಿಯಮ ಬದಲಿಸಿ ಎಂದು ಕೇಳಬೇಕಾದರೆ ಮೊದಲು ಹುಳು ಮನೆಗಳ ಒಳಗೆ ಹಲವು ವರ್ಷ ಒಂದೇ ಕ್ರಮದಲ್ಲಿ ಅಳೆದ ದಾಖಲೆ ಕೈಯಲ್ಲಿರಬೇಕು.

ಮಾವು ಮತ್ತು ತೆಂಗಿನಲ್ಲಿ ತೊಡಕು ಕಾಲದ್ದು. ರಾಜ್ಯದಲ್ಲಿ ಎಲ್ಲ ಕಡೆಗಿಂತ ಮೊದಲು ಮಾರುಕಟ್ಟೆಗೆ ಬರುವುದು ರಾಮನಗರದ ಮಾವು, ಅದರ ಬೆಲೆ ನಿಂತಿರುವುದೂ ಆ ಮೊದಲತನದ ಮೇಲೆ. ಹೂ ಕಟ್ಟಲು ನವೆಂಬರ್–ಡಿಸೆಂಬರ್‌ನಲ್ಲಿ ಒಣ ನೆಲ, ತಣ್ಣನೆಯ ರಾತ್ರಿ ಬೇಕು. ಆಗ ಮಳೆ ಬಿದ್ದರೆ ಮರ ಹೂವಿನ ಬದಲು ಚಿಗುರು ಬಿಡುತ್ತದೆ. ಆಮೇಲೆ ಬಂದ ಹೂವಿಗೆ ಜಿಗಿಹುಳು, ಬೂದಿ ರೋಗ. ಹಣ್ಣು ಮೂರು ವಾರ ತಡವಾದರೆ ಇಳುವರಿ ಅಷ್ಟೇ ಇದ್ದರೂ ಬಾದಾಮಿಯ ಬೆಲೆ ಬಿದ್ದಿರುತ್ತದೆ. ಈ ನಷ್ಟ ಇಳುವರಿಯ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ತೆಂಗಿನದು ಇದಕ್ಕೂ ಉದ್ದದ ಲೆಕ್ಕ. ಹೊಂಬಾಳೆ ಮರದೊಳಗೆ ಮೊಳೆತಲ್ಲಿಂದ ಕಾಯಿ ಬಲಿಯುವವರೆಗೆ ಮೂರು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಒಂದು ದೀರ್ಘ ಒಣಹವೆಯ ಪೆಟ್ಟು ಮುಂದಿನ ಮೂರು–ನಾಲ್ಕು ವರ್ಷಗಳ ಕಾಯಿಯ ಮೇಲೆ ಬೀಳುತ್ತದೆ ಎಂಬುದನ್ನು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರ ಅಧ್ಯಯನಗಳು ತೋರಿಸಿಕೊಟ್ಟಿವೆ. 2023ರ ಬರದ ಸಮೀಕ್ಷೆ ಅದೇ ವರ್ಷ ಮುಗಿಯಿತು. ಚನ್ನಪಟ್ಟಣದ ತೋಟಗಳಲ್ಲಿ ಆ ಬರದ ಬಾಕಿ ಆಮೇಲೂ ತೀರುತ್ತಲೇ ಇತ್ತು.

ಇಲ್ಲಿ ಒಂದು ಎಚ್ಚರವೂ ಬೇಕು. ಬೆಳೆ ಹೋದದ್ದಕ್ಕೆಲ್ಲ ಹವಾಮಾನವನ್ನೇ ದೂರುವುದು ಈಗ ಸುಲಭ, ಕೆಲವರಿಗೆ ಅನುಕೂಲವೂ ಹೌದು. ಬೈರಮಂಗಲ ಕೆರೆಯ ಕೆಳಗಿನ ಜಮೀನು ಕೆಟ್ಟಿರುವುದು ವೃಷಭಾವತಿ ಹೊತ್ತು ತರುವ ಬೆಂಗಳೂರಿನ ಕೊಳಚೆಯಿಂದ. ಕನಕಪುರದ ಸಾತನೂರು, ಕೋಡಿಹಳ್ಳಿ ಕಡೆ ಕಾಡಂಚಿನ ರೈತ ಕೆಲವು ಬೆಳೆ ಕೈಬಿಟ್ಟಿರುವುದು ಆನೆಯ ಭಯಕ್ಕೆ. ಕೊಳವೆಬಾವಿ ಬತ್ತಿದ್ದರಲ್ಲಿ ಮಳೆ ಕೊರತೆಯಷ್ಟೇ ಪಾಲು ಮಿತಿಮೀರಿ ಎತ್ತಿದ್ದಕ್ಕೂ ಇದೆ. ಹೊಲ ಪಾಳು ಬಿದ್ದದ್ದು ಎಷ್ಟೋ ಕಡೆ ಕೂಲಿಯಾಳು ಸಿಗದೆ, ಇಲ್ಲವೇ ಜಾಗ ಸೈಟಾಗಲಿ ಎಂದು ಕಾದು. ಇವನ್ನೆಲ್ಲ ಹವಾಮಾನದ ತಲೆಗೆ ಕಟ್ಟಿದರೆ ಕೊಳಚೆ ಬಿಟ್ಟವರು ಹೊಣೆಯಿಂದ ಪಾರಾಗುತ್ತಾರೆ. ವಿಜ್ಞಾನವೂ ಇದೇ ಶಿಸ್ತನ್ನು ಕೇಳುತ್ತದೆ. 2022ರ ಮಾರ್ಚ್–ಏಪ್ರಿಲ್‌ನಲ್ಲಿ ಭಾರತ, ಪಾಕಿಸ್ತಾನಗಳನ್ನು ಸುಟ್ಟ ಬಿಸಿಗಾಳಿಯ ಸಾಧ್ಯತೆಯನ್ನು ಹವಾಮಾನ ಬದಲಾವಣೆ ಸುಮಾರು 30 ಪಟ್ಟು ಹೆಚ್ಚಿಸಿತ್ತು ಎಂದು ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡ ಲೆಕ್ಕ ಹಾಕಿತು. ಆ ಲೆಕ್ಕ ಗಾಳಿಯ ಬಿಸಿಗೆ ಸಂಬಂಧಿಸಿದ್ದು. ಗಾಳಿಯ ಬಿಸಿಯಿಂದ ಹೊಲದ ಇಳುವರಿಗೆ ಬರುವ ದಾರಿಯಲ್ಲಿ ಮಣ್ಣು, ತಳಿ, ನೀರು, ರೈತನ ಕೈಗುಣ ಎಲ್ಲ ಇವೆ. ಆ ದಾರಿಯನ್ನು ಹುಡುಕಿ ತೋರಿಸುವ ಕೆಲಸ ಆಯಾ ಊರಿನ ಬೆಳೆ ಬಲ್ಲವರಿಂದಲೇ ಆಗಬೇಕು.

ಹಾಗಾದರೆ ಇಂಥವರನ್ನು ಎಲ್ಲಿಂದ ತರುವುದು? ಬೀಜ ಇಲ್ಲೇ ಇದೆ. ರಾಜ್ಯದ ಬೆಳೆ ಸಮೀಕ್ಷೆಗೆ ಪ್ರತಿ ಹಂಗಾಮಿನಲ್ಲಿ ಊರಿನ ಯುವಕ ಯುವತಿಯರೇ ಮೊಬೈಲ್ ಹಿಡಿದು ಸರ್ವೆ ನಂಬರು ಸುತ್ತುತ್ತಾರೆ. 2009ರಲ್ಲಿ ಇಕ್ರಿಸ್ಯಾಟ್ ಜೊತೆ ಶುರುವಾದ ಭೂಚೇತನದಲ್ಲಿ ರೈತ ಅನುವುಗಾರರು ಮಣ್ಣಿನ ಮಾದರಿ ತೆಗೆದು ಸತು, ಬೋರಾನ್ ಕೊರತೆಯ ಮಾತನ್ನು ಹಳ್ಳಿಗೆ ಮುಟ್ಟಿಸಿದ್ದರು. ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಗಳಿವೆ, ಈಗ ಕೃಷಿ ಸಖಿಯರಿದ್ದಾರೆ. ಇವರಲ್ಲಿ ಆಸಕ್ತರನ್ನು ಹೋಬಳಿಗೆ ಒಬ್ಬಿಬ್ಬರಂತೆ ಆರಿಸಿ, ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಂದು ಪೂರ್ತಿ ಬೆಳೆ ವರ್ಷ ಕಲಿಸಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಕೃಷಿ ಹವಾಮಾನ ತಜ್ಞರು ಅದಕ್ಕೆ ಪಾಠ ಕಟ್ಟಿಕೊಡಬಹುದು. ಕೇರಳ ಕೃಷಿ ವಿಶ್ವವಿದ್ಯಾಲಯ ವೆಳ್ಳಾನಿಕ್ಕರದಲ್ಲಿ ಹವಾಮಾನ ಬದಲಾವಣೆಗೆಂದೇ ಕಾಲೇಜು ನಡೆಸುತ್ತಿದೆ, ಪದವಿಯ ಮಟ್ಟದಲ್ಲಿ ಅದೂ ಬೇಕು. ಹಳ್ಳಿಗೆ ತುರ್ತಾಗಿ ಬೇಕಿರುವುದು ಹೊಲದಲ್ಲಿ ನಿಂತು ಅಳೆಯುವವರು. ಬೆಳೆಯ ಹಂತ ಗುರುತಿಸುವುದು, ನೀರಿನ ಕೊರತೆಯ ಬಾಡನ್ನೂ ರೋಗದ ಬಾಡನ್ನೂ ಬೇರೆ ಮಾಡಿ ನೋಡುವುದು, ಪೆಟ್ಟು ತಿಂದ ಹೊಲಕ್ಕೆ ಜೋಡಿಯಾಗಿ ಉಳಿದ ಹೊಲವನ್ನು ಹುಡುಕಿ ಹೋಲಿಸುವುದು, ಒಂದು ವರ್ಷದ ಏರುಪೇರನ್ನು ಮೂವತ್ತು ವರ್ಷಗಳ ಬದಲಾವಣೆಯೆಂದು ಭ್ರಮಿಸದಿರುವುದು ಇಷ್ಟನ್ನು ಅವರು ಕಲಿತರೆ ಅಡಿಪಾಯ ಬಿದ್ದಂತೆ. ಕಂಪ್ಯೂಟರ್ ಮಾದರಿಗಳನ್ನು ಆಮೇಲೆ ಕಲಿಸಬಹುದು. ಅಂಥ ಮಾದರಿಗಳಲ್ಲಿ ಭತ್ತ, ಗೋಧಿ, ಮೆಕ್ಕೆಜೋಳಕ್ಕೆ ಆದಷ್ಟು ಕೆಲಸ ರಾಗಿಗಾಗಲಿ ಹಿಪ್ಪುನೇರಳೆಗಾಗಲಿ ಆಗಿಲ್ಲ. ಆಗಬೇಕಾದರೂ ಮೊದಲು ಇಲ್ಲಿನ ಹೊಲಗಳಿಂದ ನಂಬುವಂಥ ಅಂಕಿ ಹೋಗಬೇಕು.

ಜನರನ್ನು ತರಬೇತುಗೊಳಿಸಿದರೆ ಏನಾಗುತ್ತದೆ ಎಂಬುದಕ್ಕೆ ರೇಷ್ಮೆಯಲ್ಲೇ ಉದಾಹರಣೆಯಿದೆ. ನಮ್ಮ ಬಿಸಿಲಿಗೆ ದ್ವಿತಳಿ ಹುಳು ನಿಲ್ಲದು ಎಂಬ ಮಾತು ಬಹುಕಾಲ ಗಟ್ಟಿಯಾಗಿತ್ತು. 1991ರಿಂದ 2007ರವರೆಗೆ ಜಪಾನಿನ ಜೈಕಾ ನೆರವಿನಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಸಿಎಸ್‌ಆರ್ ತಳಿಗಳನ್ನು ರೂಪಿಸಿತು. ತಳಿಯ ಜೊತೆಗೆ ಸೋಂಕು ನಿವಾರಣೆ, ಪ್ರತ್ಯೇಕ ಹುಳು ಮನೆ, ರೆಂಬೆ ಪದ್ಧತಿ, ಚಾಕಿ ಕೇಂದ್ರ ಎಲ್ಲವನ್ನೂ ವಿಸ್ತರಣಾ ಸಿಬ್ಬಂದಿಗೂ ರೈತರಿಗೂ ಕೈಹಿಡಿದು ಕಲಿಸಿದರು. ತಳಿಯನ್ನಷ್ಟೇ ಕೊಟ್ಟು ಕೈತೊಳೆದುಕೊಂಡಿದ್ದರೆ ಅದು ಸಂಶೋಧನಾ ಕೇಂದ್ರದ ಗೇಟು ದಾಟುತ್ತಿರಲಿಲ್ಲ.

ಈ ಪ್ರಸ್ತಾವಕ್ಕೆ ಬರುವ ಮೊದಲ ಆಕ್ಷೇಪ: ರಾಜ್ಯದಲ್ಲಿ 1988ರಿಂದ ಬರ ಉಸ್ತುವಾರಿ ಕೇಂದ್ರವಿದೆ, ಅದೇ ಬೆಳೆದು ಇಂದಿನ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ, ಪಂಚಾಯಿತಿಗೊಂದು ಮಳೆಮಾಪಕವಿದೆ, ಉಪಗ್ರಹವಿದೆ, ಡ್ರೋನ್ ಇದೆ, ಮತ್ತೆ ಜನ ಯಾಕೆ? ಆ ಮಳೆಮಾಪಕ ಜಾಲ ದೇಶಕ್ಕೇ ಮಾದರಿ, ಅದಿಲ್ಲದೆ ನಾನು ಹೇಳುತ್ತಿರುವ ಕೆಲಸ ಸಾಧ್ಯವೇ ಇಲ್ಲ. ಆದರೆ ಯಂತ್ರ ಮಳೆ ಅಳೆಯುತ್ತದೆ, ಪರಿಣಾಮ ಅಳೆಯುವುದಿಲ್ಲ. ಉಪಗ್ರಹಕ್ಕೆ ಲಂಟಾನವೂ ಹಸಿರೇ, ಜೊಳ್ಳು ರಾಗಿಯೂ ಹಸಿರೇ. 2023ರಲ್ಲಿ ಹಸಿರು ಬರ ಎಂಬ ಮಾತು ರಾಜ್ಯದ ತುಂಬ ಕೇಳಿಬಂದದ್ದು ಇದೇ ಕಾರಣಕ್ಕೆ. ಪೈರು ಹಸಿರಾಗಿ ನಿಂತಿತ್ತು, ಕಾಳು ಇರಲಿಲ್ಲ. ಅದನ್ನು ಕೇಂದ್ರದ ತಂಡಕ್ಕೆ ಮನವರಿಕೆ ಮಾಡಿಕೊಡಲು ಹಂತ ಹಂತವಾಗಿ ಬರೆದಿಟ್ಟ ದಾಖಲೆ ಇದ್ದಿದ್ದರೆ ರಾಜ್ಯದ ವಾದಕ್ಕೆ ಎಷ್ಟು ಬಲ ಬರುತ್ತಿತ್ತು! ಪರಿಹಾರಕ್ಕಾಗಿ 2024ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಬೇಕಾಯಿತು. ಕೇಳಿದ್ದು 18 ಸಾವಿರ ಕೋಟಿಗೂ ಹೆಚ್ಚು, ಏಪ್ರಿಲ್‌ನಲ್ಲಿ ಬಂದದ್ದು ಮೂರೂವರೆ ಸಾವಿರ ಕೋಟಿಯ ಆಸುಪಾಸು. ಅದರಲ್ಲಿ ರಾಜಕೀಯವೂ ನಿಯಮಗಳ ಮಿತಿಯೂ ಇತ್ತು ನಿಜ, ಆದರೂ ಕೈಯಲ್ಲಿ ಗಟ್ಟಿ ಪುರಾವೆ ಇದ್ದವನ ಮಾತಿಗೆ ತೂಕ ಹೆಚ್ಚು.

ಎರಡನೆಯ ಆಕ್ಷೇಪ ಖರ್ಚಿನದು, ಇದು ಗಂಭೀರವಾದದ್ದೇ. ಹವಾಮಾನ ಇಲಾಖೆ 2018ರಿಂದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತೆರೆದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳು 2024ರ ಮೊದಲಲ್ಲೇ ಮುಚ್ಚಿದವು. ಅಂಕಿ ಅಂಶ ಈಗ ತಾನಾಗಿಯೇ ಸಂಗ್ರಹವಾಗುತ್ತದೆ, ಸಿಬ್ಬಂದಿ ಬೇಡ ಎಂಬ ವಾದ ಆಗ ಕೇಳಿಬಂದಿತ್ತು. ತರಬೇತಾದ ತಜ್ಞರೂ ವೀಕ್ಷಕರೂ ಹೀಗೆ ಚದುರಿಹೋದರು. ದೇಶ ಕಳೆದುಕೊಂಡ ಅನುಭವ ಅದು, ಈ ನಿರ್ಧಾರ ತಪ್ಪು ಎಂದೇ ನನ್ನ ಅಭಿಪ್ರಾಯ. ಆದರೆ ಅದರಿಂದ ಕಲಿಯಬೇಕಾದದ್ದೂ ಇದೆ. ಒಂದು ಯೋಜನೆಯ ಅವಧಿಗೆ ಗುತ್ತಿಗೆಯ ಮೇಲೆ ಜನರನ್ನು ತೆಗೆದುಕೊಂಡರೆ ಯೋಜನೆಯ ಜೊತೆಗೇ ಅವರ ಜ್ಞಾನವೂ ಹೋಗುತ್ತದೆ. ಆದ್ದರಿಂದ ಹೊಸ ಇಲಾಖೆ, ಹೊಸ ಕಟ್ಟಡ ಬೇಡ. ಈಗಾಗಲೇ ಇರುವ ರೈತ ಸಂಪರ್ಕ ಕೇಂದ್ರದ, ತೋಟಗಾರಿಕೆಯ, ರೇಷ್ಮೆ ಇಲಾಖೆಯ ಕಾಯಂ ಸಿಬ್ಬಂದಿಗೆ ಈ ವಿದ್ಯೆ ಸೇರಬೇಕು, ಊರಿನ ಸಮೀಕ್ಷಕರಿಗೆ ಹಂಗಾಮಿನ ಗೌರವಧನ ಸಿಗಬೇಕು. ಬರ ಬಂದ ಒಂದೇ ವರ್ಷ ರಾಜ್ಯ ಹಂಚುವ ಹಣದ ಮುಂದೆ ಈ ವೆಚ್ಚ ದೊಡ್ಡದೇನಲ್ಲ.

ಮೂರನೆಯದನ್ನು ರೈತರ ಪರವಾಗಿ ನಿಂತವರೇ ಎತ್ತುತ್ತಾರೆ: ತಲೆತಲಾಂತರದಿಂದ ಮಳೆ ನಕ್ಷತ್ರ ನೋಡಿ ಬಿತ್ತಿದವರಿಗೆ ಹೊರಗಿನವರು ಹೇಳಿಕೊಡುವುದೇನು? ಆ ಅರಿವಿನ ಮೇಲೆ ನನಗೂ ಗೌರವವಿದೆ. ಭರಣಿಗೆ ಏನು, ಆರಿದ್ರೆಗೆ ಏನು, ಹಸ್ತ–ಚಿತ್ತೆಯಲ್ಲಿ ಯಾವ ಪೈರು ಯಾವ ಹಂತದಲ್ಲಿರಬೇಕು ಎಂಬ ಲೆಕ್ಕ ನೂರಾರು ವರ್ಷಗಳ ವೀಕ್ಷಣೆಯ ಫಲ. ಈಗಿನ ಕಷ್ಟವೆಂದರೆ ಆ ಲೆಕ್ಕ ಕಟ್ಟಿದ ಕಾಲದ ಹವೆಯೇ ಸರಿಯುತ್ತಿದೆ. 1901ರಿಂದ 2018ರವರೆಗೆ ದೇಶದ ಸರಾಸರಿ ಶಾಖ ಸುಮಾರು 0.7 ಡಿಗ್ರಿ ಏರಿದೆ ಎಂದು ಭೂ ವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಯಾವ ನಕ್ಷತ್ರದ ಮಳೆ ಎಷ್ಟು ಸರಿದಿದೆ, ಯಾವುದು ಇನ್ನೂ ನಂಬಬಹುದಾಗಿದೆ ಎಂದು ತಿಳಿಯಲು ರೈತರ ನೆನಪು, ಮಳೆಮಾಪಕದ ಪುಸ್ತಕ ಎರಡನ್ನೂ ಒಟ್ಟಿಗೆ ಓದಬೇಕು. ಊರಿನವರನ್ನೇ ಪರಿಣತರನ್ನಾಗಿ ಮಾಡಬೇಕು ಎನ್ನುವುದು ಇದಕ್ಕಾಗಿಯೇ. ಹಿರಿಯರು ಪುಬ್ಬೆ ಮಳೆಯ ಬಗ್ಗೆ ಆಡಿದ ಮಾತು ಹೊರಗಿನ ಸಮೀಕ್ಷಕನ ಫಾರಂನಲ್ಲಿ ಎಲ್ಲಿಯೂ ಹಿಡಿಸುವುದಿಲ್ಲ, ಊರಿನ ಹುಡುಗಿಗೆ ಅದನ್ನು ಯಾವ ವಾರದ ಪಕ್ಕ ಬರೆಯಬೇಕೆಂದು ಗೊತ್ತಿರುತ್ತದೆ.

ಇನ್ನು ಕೆಲವರು ಮೆಲ್ಲಗೆ ಹೇಳುವ ಮಾತು: ಜಿಲ್ಲೆಯ ಹೆಸರೇ 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಗಿದೆ, ಬಿಡದಿಯವರೆಗೆ ನಗರ ಬಂದಿದೆ, ಇಲ್ಲಿ ಎಷ್ಟು ದಿನ ಬೇಸಾಯ? ಆದರೆ ಸಾತನೂರಿನಲ್ಲೋ ಕುದೂರಿನಲ್ಲೋ ವಿರೂಪಾಕ್ಷಿಪುರದಲ್ಲೋ ಇಂದಿಗೂ ಮನೆ ನಡೆಯುತ್ತಿರುವುದು ಹೊಲ, ತೋಟ, ಹುಳುವಿನಿಂದ. ಆ ಮನೆಗಳ ನಷ್ಟವನ್ನು ಸರಿಯಾಗಿ ಅಳೆಯದಿದ್ದರೆ ಬೇಸಾಯ ಲಾಭವಿಲ್ಲದ್ದು ಎಂಬ ಮಾತು ತನಿಖೆಯಿಲ್ಲದೆ ತೀರ್ಪಾಗುತ್ತದೆ, ಜಮೀನು ಬಿಟ್ಟುಕೊಡಿ ಎನ್ನುವವರಿಗೆ ಅದಕ್ಕಿಂತ ಬೇರೆ ಆಧಾರ ಬೇಡ. ಹಾಗಾಗಿ ಈ ಪರಿಣತರ ವರದಿ ಕಚೇರಿಯ ಬೀರುವಿನಲ್ಲಿ ಉಳಿಯಬಾರದು. ಮಾವಿನ ಹವಾಮಾನ ಆಧಾರಿತ ವಿಮೆಗೆ ಯಾವ ವಾರದ ಮಳೆ, ಯಾವ ತಿಂಗಳ ಶಾಖ ಮಾನದಂಡವಾಗಬೇಕೆಂದು ತೀರ್ಮಾನಿಸುವ ಮೊದಲು, ಆ ವರದಿ ಕನ್ನಡದಲ್ಲಿ, ಹೋಬಳಿವಾರು ಅಂಕಿಗಳ ಸಮೇತ, ಗ್ರಾಮಸಭೆಯ ಮುಂದೆ ಬರಬೇಕು. ಈ ಅಂಕಿ ನಮ್ಮ ತೋಟದ್ದಲ್ಲ ಎಂದು ರೈತ ಎದ್ದುನಿಂತರೆ, ಮಾರನೆಯ ದಿನವೇ ಅಳೆದವರು ಆ ತೋಟಕ್ಕೆ ಹೋಗಿ ಅವನೆದುರಿಗೆ ಮತ್ತೆ ಅಳೆಯಬೇಕು.